ಹಳೆ ಬೈಕ್ ಮನೆಗೆ ಬಂತು, ಮೊದಲು ಬ್ರೇಕ್ ಬಿಚ್ಚಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ, ಅದೂ ಪುಣೆಯ ಮಳೆಯಲ್ಲಿ, ಇಷ್ಟು ಜನ ಬಂದಿದ್ದೀರಿ. ಖುಷಿಯಾಯಿತು. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿ ಕಡೆಯಿಂದ ಓದಲಿಕ್ಕೆ, ಕೆಲಸಕ್ಕೆ ಅಂತ ಬಂದವರೇ ಇಲ್ಲಿ ಜಾಸ್ತಿ ಇದ್ದೀರಿ. ನಿಮ್ಮಲ್ಲಿ ಬಹಳ ಜನರ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಗಾಡಿ. ಕೋರ್ಸ್ ಮುಗಿಸಿ ಊರಿಗೆ ಹೊರಟ ಸೀನಿಯರ್ ಮಾರಿದ್ದು, ಇಲ್ಲವೇ ಹಿಂಜವಡಿಯಲ್ಲಿ ಕೆಲಸ ಮಾಡುವ ಯಾರೋ ಕಾರು ತಗೊಂಡ ಮೇಲೆ ಬಿಟ್ಟುಕೊಟ್ಟಿದ್ದು. ಅದನ್ನು ಹೇಗೆ ನೋಡಿಕೊಳ್ಳಬೇಕು, ನಮ್ಮ ಕೈಯಲ್ಲಿ ಏನೇನು ಆಗುತ್ತದೆ, ಅದಷ್ಟೇ ಇವತ್ತಿನ ಮಾತು.

ಹಳೆ ಗಾಡಿ ಬಂದ ಕೂಡಲೇ ಜನ ಏನು ಮಾಡುತ್ತಾರೆ? ತೊಳೆಯುತ್ತಾರೆ, ಪಾಲಿಶ್ ಹಾಕಿಸುತ್ತಾರೆ, ಎಂಜಿನ್ ಆಯಿಲ್ ಬದಲಾಯಿಸುತ್ತಾರೆ. ಎಂಜಿನ್ ಸೌಂಡ್ ಹೇಗಿದೆ ಅಂತ ನಾಲ್ಕು ಜನರಿಗೆ ಕೇಳಿಸುತ್ತಾರೆ. ಇದೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಪಾನಾ ಮೊದಲು ಮುಟ್ಟಬೇಕಾದ್ದು ಬ್ರೇಕನ್ನು. ಆಮೇಲೆ ಟೈರು, ಆಮೇಲೆ ಚೈನು. ಎಂಜಿನ್ ಸರದಿ ಕೊನೆಗೆ.

ಯಾಕೆ ಅಂತ ಹೇಳುತ್ತೇನೆ. ಎಂಜಿನ್ ಕೆಟ್ಟರೆ ಗಾಡಿ ರಸ್ತೆ ಬದಿಗೆ ನಿಲ್ಲುತ್ತದೆ. ತಳ್ಳಿಕೊಂಡು ಹೋಗಬೇಕು, ಸುಸ್ತಾಗುತ್ತದೆ, ಅಷ್ಟೇ. ಬ್ರೇಕ್ ಕೈ ಕೊಟ್ಟರೆ ಗಾಡಿ ನಿಲ್ಲುವುದೇ ಇಲ್ಲ. ಕಾತ್ರಜ್ ಹೊಸ ಸುರಂಗದಿಂದ ನವಲೆ ಪುಲ್‌ವರೆಗಿನ ಇಳಿಜಾರು ನಿಮಗೆಲ್ಲ ಗೊತ್ತು, ಬ್ರೇಕ್ ಫೇಲಾದ ಲಾರಿಗಳ ಸುದ್ದಿಯನ್ನೂ ಓದಿರುತ್ತೀರಿ. ಮಳೆಗಾಲದಲ್ಲಿ ತಾಮ್ಹಿಣಿ ಘಾಟ್ ಇಳಿದು ಕೊಂಕಣಕ್ಕೆ ಹೋಗುವವರೂ ಇಲ್ಲಿದ್ದೀರಿ. ಇನ್ನೊಂದು ವಿಷಯ ಇದೆ. ಎಂಜಿನ್ ಕೆಡುವಾಗ ಸದ್ದು ಮಾಡುತ್ತದೆ, ಹೊಗೆ ಬಿಡುತ್ತದೆ. ಬ್ರೇಕ್ ಹಾಗಲ್ಲ, ದಿನಾ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ, ಓಡಿಸುವವರ ಕಾಲೂ ಅದಕ್ಕೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ಜಾಸ್ತಿ ಒತ್ತಲು ಕಲಿತುಬಿಡುತ್ತದೆ. ಹಾಗಾಗಿ ಮಾರುವವರು "ಬ್ರೇಕ್ ಚೆನ್ನಾಗಿದೆ" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಹಾಗೇ ಅನಿಸಿರುತ್ತದೆ.

ಸ್ಪ್ಲೆಂಡರ್ ತರದ ಗಾಡಿಯ ಹಿಂದಿನ ಡ್ರಮ್ ಬ್ರೇಕನ್ನೇ ತಗೊಳ್ಳಿ. ಬಿಚ್ಚುವ ಮೊದಲೇ ಒಂದು ಪರೀಕ್ಷೆ ಇದೆ. ಡ್ರಮ್ ಹೊರಗಿನ ತಟ್ಟೆಯ ಮೇಲೆ, ಬ್ರೇಕ್ ರಾಡ್ ಎಳೆಯುವ ತೋಳಿನ ಬುಡದಲ್ಲಿ, ಒಂದು ಸಣ್ಣ ಬಾಣದ ಗುರುತು ಇರುತ್ತದೆ. ತಟ್ಟೆಯ ಮೇಲೆ ಇನ್ನೊಂದು ಗುರುತು. ಗೆಳೆಯರೊಬ್ಬರಿಗೆ ಪೆಡಲ್ ಪೂರ್ತಿ ಒತ್ತಲು ಹೇಳಿ, ನೀವು ಕೂತು ನೋಡಿ. ಬಾಣ ಹೋಗಿ ಆ ಗುರುತನ್ನು ಮುಟ್ಟಿತು ಅಂದರೆ ಬ್ರೇಕ್ ಶೂ, ಅಂದರೆ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಭಾಗ, ಮುಗಿದಿದೆ. ಇನ್ನು ರಾಡ್ ತುದಿಯ ನಟ್ ಬಿಗಿ ಮಾಡಿ ದಿನ ದೂಡುವುದು ಬೇಡ. ಇದಕ್ಕೆ ದುಡ್ಡೂ ಬೇಡ, ಪಾನಾನೂ ಬೇಡ.

ಬಾಣ ದೂರ ಇದ್ದರೂ ಹೊಸದಾಗಿ ತಗೊಂಡ ಹಳೆ ಗಾಡಿಯಲ್ಲಿ ಒಮ್ಮೆ ಬಿಚ್ಚಿ ನೋಡುವುದೇ ಒಳ್ಳೆಯದು. ಸಮತಟ್ಟು ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ರಾಡ್ ತುದಿಯ ನಟ್ ತೆಗೆಯಿರಿ. ತಟ್ಟೆಯಿಂದ ಫ್ರೇಮ್ ಕಡೆಗೆ ಒಂದು ಕಬ್ಬಿಣದ ಪಟ್ಟಿ ಹೋಗಿರುತ್ತದೆ, ಅದರ ನಟ್‌ಗೆ ಸ್ಪ್ಲಿಟ್ ಪಿನ್ ಇರುತ್ತದೆ, ಅದನ್ನೂ ಬಿಚ್ಚಿ. ಆಮೇಲೆ ಆಕ್ಸಲ್, ಅಂದರೆ ಚಕ್ರದ ನಡುವಿನ ಅಚ್ಚು, ಅದರ ನಟ್ ಬಿಚ್ಚಿ ಆಕ್ಸಲ್ ಎಳೆಯಿರಿ. ಒಂದು ಬುಷ್ ಕೆಳಗೆ ಬೀಳುತ್ತದೆ, ಅದು ಯಾವ ಬದಿಯದು ಅಂತ ಅಲ್ಲೇ ಮೊಬೈಲಲ್ಲಿ ಫೋಟೊ ಹೊಡೆದುಕೊಳ್ಳಿ. ಸ್ಪ್ಲೆಂಡರ್‌ನಲ್ಲಿ ಚೈನು, ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಎರಡೂ ಗಾಡಿಯಲ್ಲೇ ಉಳಿಯುತ್ತವೆ, ಚಕ್ರ ಮಾತ್ರ ಈಚೆ ಬರುತ್ತದೆ.

ತಟ್ಟೆ ಎಳೆದರೆ ಕಪ್ಪು ಧೂಳು ಕಾಣುತ್ತದೆ. ಇಲ್ಲಿ ದಯವಿಟ್ಟು ಗಮನ ಕೊಡಿ. ಅದನ್ನು ಬಾಯಿಂದ ಊದಬೇಡಿ, ಗಾಳಿ ಪಂಪ್‌ನಿಂದಲೂ ಹಾರಿಸಬೇಡಿ. ಹಳೆ ಶೂಗಳ ಲೈನಿಂಗ್‌ನಲ್ಲಿ, ಅಂದರೆ ಡ್ರಮ್ಮಿಗೆ ಉಜ್ಜುವ ಮೇಲಿನ ಪದರದಲ್ಲಿ, ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಹೋಗಲೇಬಾರದ ವಸ್ತು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ಈಗ ಲೈನಿಂಗ್ ನೋಡಿ. ದಪ್ಪ ಇದ್ದೂ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಅದು ಕಾದು ಗಟ್ಟಿಯಾಗಿದೆ, ಡ್ರಮ್ ಹಿಡಿಯುವುದಿಲ್ಲ, ಜಾರುತ್ತದೆ. ಹೊಳಪು ಹೋಗುವ ತನಕ ಮರಳು ಕಾಗದದಿಂದ ಹದವಾಗಿ ಉಜ್ಜಿ. ಗ್ರೀಸ್ ಅಥವಾ ಆಯಿಲ್ ಕುಡಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೊಸ ಜೋಡಿಯೇ ಬೇಕು, ಜೊತೆಗೆ ಆ ಗ್ರೀಸ್ ಎಲ್ಲಿಂದ ಬಂತು ಅಂತಲೂ ಹುಡುಕಬೇಕು. ಶೂಗಳನ್ನು ಅಗಲಿಸುವ ಕ್ಯಾಮ್ ಅನ್ನು ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಬಿಚ್ಚಿ, ತುಕ್ಕು ಒರೆಸಿ, ತೆಳ್ಳಗೆ ಗ್ರೀಸ್ ಸವರಿ. ತೆಳ್ಳಗೆ ಅಂದೆ. ಜಾಸ್ತಿಯಾದರೆ ಬಿಸಿಗೆ ಕರಗಿ ಲೈನಿಂಗ್ ಮೇಲೇ ಬರುತ್ತದೆ.

ವಾಪಸ್ ಜೋಡಿಸುವಾಗ ಎರಡು ಮಾತು. ಆ ಕಬ್ಬಿಣದ ಪಟ್ಟಿಯ ನಟ್ಟನ್ನು ಹಾಕಲೇಬೇಕು, ಪಿನ್ ಹೊಸದೇ ಇರಲಿ. ಪಟ್ಟಿ ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಇಡೀ ತಟ್ಟೆ ಚಕ್ರದ ಜೊತೆ ತಿರುಗಿ ರಾಡನ್ನು ಕಿತ್ತು ಹಾಕುತ್ತದೆ, ಚಕ್ರ ಲಾಕ್ ಆಗುತ್ತದೆ. ಎರಡನೆಯದು, ಆಕ್ಸಲ್ ನಟ್ ಬಿಗಿ ಮಾಡುವಾಗ ಪೆಡಲ್ ಒತ್ತಿ ಹಿಡಿಯಿರಿ. ಆಗ ಶೂಗಳು ಡ್ರಮ್ ನಡುವೆ ಸರಿಯಾಗಿ ಕೂರುತ್ತವೆ. ಕೊನೆಗೆ ಪೆಡಲ್ ಆಟ, ಅಂದರೆ ಬ್ರೇಕ್ ಹಿಡಿಯುವ ಮೊದಲು ಪೆಡಲ್ ಸುಮ್ನೆ ಇಳಿಯುವ ದೂರ, ಎರಡರಿಂದ ಮೂರು ಸೆಂಟಿಮೀಟರ್ ಇರುವ ಹಾಗೆ ನೋಡಿಕೊಂಡು, ಚಕ್ರ ಕೈಯಿಂದ ಸಲೀಸಾಗಿ ತಿರುಗುತ್ತದಾ, ಬ್ರೇಕ್ ಲೈಟ್ ಹತ್ತುತ್ತದಾ ಅಂತ ನೋಡಿ.

ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವವರು, ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಪ್ಯಾಡ್ ಮೇಲಿನ ಗೀರು ನೋಡಿ, ಗೀರು ಮಾಯವಾಗಿದ್ದರೆ ಪ್ಯಾಡ್ ಮುಗಿದಿದೆ. ಪ್ಯಾಡ್ ಹಾಕಿದ ಮೇಲೆ ಗಾಡಿ ಹೊರಡಿಸುವ ಮುಂಚೆ ಲಿವರನ್ನು ಗಟ್ಟಿಯಾಗುವ ತನಕ ಒತ್ತುತ್ತಾ ಇರಿ, ಇಲ್ಲದಿದ್ದರೆ ಗೇಟ್ ಹತ್ತಿರ ಮೊದಲ ಸಲ ಹಿಡಿದಾಗ ಲಿವರ್ ಸುಮ್ನೆ ಹ್ಯಾಂಡಲ್‌ಗೆ ಹೋಗಿ ಅಂಟುತ್ತದೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ನೀರು ಸೇರಿದ ಫ್ಲೂಯಿಡ್ ಘಾಟ್ ಇಳಿಯುವಾಗ ಕಾದು ಆವಿಯಾಗುತ್ತದೆ, ಬ್ರೇಕ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 3 ಅಥವಾ ಡಾಟ್ 4 ಅಂತ ದರ್ಜೆ ಇರುತ್ತದೆ, ಗಾಡಿಯ ಫ್ಲೂಯಿಡ್ ಡಬ್ಬಿಯ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದೇ. ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಪೇಂಟ್ ತಿನ್ನುತ್ತದೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯ ಫ್ಲೂಯಿಡ್ ಕೆಲಸವನ್ನು ಮಾತ್ರ ವರ್ಕ್‌ಶಾಪಿಗೇ ಬಿಡಿ.

ಟೈರು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ನೆರಿಗೆ ಎಷ್ಟೇ ಆಳ ಇರಲಿ, ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿದ್ದರೆ ಬದಲಿಸಿ. ಪಾರ್ಕಿಂಗ್‌ನಲ್ಲಿ ಸುಮ್ನೆ ನಿಂತ ಗಾಡಿಯಲ್ಲಿ ಇದು ಜಾಸ್ತಿ. ಮೀಟರ್‌ನಲ್ಲಿ ಕಿಲೋಮೀಟರ್ ಕಡಿಮೆ ತೋರಿಸುತ್ತಿದೆ ಅಂತ ಟೈರ್ ಹೊಸದು ಅಂದುಕೊಳ್ಳಬೇಡಿ.

ಚೈನ್ ಬಗ್ಗೆ ಒಂದು ಎಚ್ಚರಿಕೆ ಮೊದಲು. ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವುದನ್ನು ನೋಡಿದ್ದೀರಿ ಅಲ್ವಾ? ಹಾಗೆ ಮಾಡಲೇಬೇಡಿ. ಬಟ್ಟೆ ಸಿಕ್ಕಿಕೊಂಡರೆ ಬೆರಳು ಹೋಗುತ್ತದೆ. ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ. ಸೀಮೆಎಣ್ಣೆ, ಹಳೆ ಟೂತ್ ಬ್ರಷ್, ಒಣಗಿದ ಮೇಲೆ 90 ನಂಬರ್ ಗೇರ್ ಆಯಿಲ್, ಇಷ್ಟು ಸಾಕು. ಪುಣೆ ಮಳೆಯಲ್ಲಿ ಓಡಿಸುವವರು ಇದನ್ನು ವಾರ ವಾರ ಮಾಡಬೇಕು. ಚೈನ್ ಸಡಿಲ, ಅಂದರೆ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದಾಗ ಅದು ಆಡುವ ದೂರ, ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡರಿಂದ ಮೂರು ಸೆಂಟಿಮೀಟರ್. ಒಂದೇ ಕಡೆ ಅಳೆದು ಬಿಡಬೇಡಿ. ಹಳೆ ಚೈನು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇರುತ್ತದೆ, ಬಿಗಿ ಇರುವ ಜಾಗಕ್ಕೆ ಹೊಂದಿಸಬೇಕು. ಹಿಂದಿನ ಸ್ಪ್ರಾಕೆಟ್ ಮೇಲಿನ ಚೈನನ್ನು ಹಿಂದಕ್ಕೆ ಎಳೆದು ನೋಡಿ, ಹಲ್ಲು ಅರ್ಧ ಕಂಡರೆ ಚೈನು, ಎರಡು ಸ್ಪ್ರಾಕೆಟ್ ಮೂರೂ ಒಟ್ಟಿಗೆ ಬದಲಿಸಬೇಕು. ಹೊಸ ಚೈನನ್ನು ಸವೆದ ಹಲ್ಲಿನ ಮೇಲೆ ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಚೈನಿನ ಎರಡು ತುದಿ ಸೇರಿಸುವ ಜಾಯಿಂಟ್ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರಬೇಕು.

ಈಗ ಎಂಜಿನ್. ಹಳೆ ಮಾಲೀಕರು ಯಾವಾಗ, ಯಾವ ಆಯಿಲ್ ಹಾಕಿದರು ಅಂತ ನಮಗೆ ಗೊತ್ತಿರುವುದಿಲ್ಲ, ಆದ್ದರಿಂದ ಒಮ್ಮೆ ಪೂರ್ತಿ ಬದಲಿಸಿ ಅಲ್ಲಿಂದ ಲೆಕ್ಕ ಶುರು ಮಾಡುವುದು ಸರಿ. ಸ್ಪ್ಲೆಂಡರ್‌ಗೆ 10ಡಬ್ಲ್ಯೂ30 ದರ್ಜೆಯ ಆಯಿಲ್, ಬೇರೆ ಗಾಡಿಗೆ ಅದರ ಪುಸ್ತಕದಲ್ಲಿ ಬರೆದದ್ದು. ಡಬ್ಬಿ ಮೇಲೆ ಬೈಕ್ ಆಯಿಲ್‌ನ ಗುರುತಾದ ಜಾಸೊ ಎಂಎ ಅಥವಾ ಎಂಎ2 ಅಂತ ಇರಲೇಬೇಕು. ಬೈಕ್‌ನಲ್ಲಿ ಕ್ಲಚ್ ಪ್ಲೇಟ್‌ಗಳು ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಆಯಿಲ್ ಇಳಿಸುವ ಡ್ರೇನ್ ಬೋಲ್ಟ್ ಅನ್ನು ವಾಪಸ್ ಹಾಕುವಾಗ ಬಲ ಹಾಕಿ ತಿರುಗಿಸಬೇಡಿ. ಕೆಳಗಿನ ಕೇಸ್ ಅಲ್ಯುಮಿನಿಯಂ, ಬೋಲ್ಟ್ ಉಕ್ಕು, ಕಿತ್ತುಹೋಗುವುದು ಕೇಸಿನ ಥ್ರೆಡ್ಡೇ. ವಾಷರ್ ಹೊಸದು ಹಾಕಿ. ಸ್ಪ್ಲೆಂಡರ್‌ನಲ್ಲಿ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ಅನ್ನು ತಿರುಗಿಸದೆ, ಸುಮ್ನೆ ಒಳಗಿಟ್ಟು ಅಳತೆ ನೋಡಬೇಕು.

ಪೆಟ್ರೋಲಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಎಂಜಿನ್ ಒಳಗಿನ ಸುದ್ದಿ ತಿಳಿಯುತ್ತದೆ. ತುದಿ ತಿಳಿ ಕಂದು ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ. ಎಣ್ಣೆ ಎಣ್ಣೆ ಇದ್ದರೆ ರಿಂಗ್ ಅಥವಾ ವಾಲ್ವ್ ಕಡೆ ಸವೆತ, ಆ ಖರ್ಚಿಗೆ ತಯಾರಾಗಿ. ಎಂಜಿನ್ ತಣ್ಣಗಿದ್ದಾಗಲೇ ಬಿಚ್ಚಿ, ಹಾಕುವಾಗ ಮೊದಲ ಸುತ್ತುಗಳು ಬರೀ ಕೈಯಲ್ಲಿ. ಇಲ್ಲೇ ಆಕುರ್ಡಿಯ ಬಜಾಜ್ 2003ರಲ್ಲಿ ತಂದ ಡಿಟಿಎಸ್‌ಐ ಪಲ್ಸರ್ ನಿಮ್ಮದಾದರೆ ಅದಕ್ಕೆ ಪ್ಲಗ್ ಎರಡು, 200ಎನ್‌ಎಸ್‌ಗೆ ಮೂರು. ಕೈಗೆ ಸುಲಭವಾಗಿ ಸಿಗುವ ಒಂದನ್ನೇ ಬದಲಿಸಿ ಉಳಿದದ್ದನ್ನು ಬಿಡುವವರು ಬಹಳ.

ಏರ್ ಫಿಲ್ಟರ್ ಸ್ಪಂಜಿನದಾದರೆ ತೊಳೆದು ಒಣಗಿಸಿ, ತುಸು ಎಣ್ಣೆ ಹಿಂಡಿ ಹಾಕಬಹುದು. ಕಾಗದದ್ದನ್ನು ತೊಳೆಯಬೇಡಿ. ಬ್ಯಾಟರಿ ತೆಗೆಯುವಾಗ ಮೈನಸ್ ವೈರ್ ಮೊದಲು, ಹಾಕುವಾಗ ಅದು ಕೊನೆಗೆ.

ಸಾಮಾನು ಎಲ್ಲಿ ಸಿಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಪುಣೆಯ ನಾನಾ ಪೇಠ್ ಮಾರುಕಟ್ಟೆ. ಹಳೆ ಭಾಗವನ್ನು ಜೊತೆಗೇ ತಗೊಂಡು ಹೋಗಿ, ಗಾಡಿಯ ಮಾಡೆಲ್, ಇಸವಿ ಬರೆದುಕೊಂಡಿರಿ. ಟ್ಯಾಂಕ್ ಮೇಲೆ ಹೀರೋ ಹೊಂಡಾ ಅಂತಿದ್ದರೆ ಇಸವಿ ಹೇಳುವುದು ಇನ್ನೂ ಮುಖ್ಯ. ಆ ಕಂಪನಿ ಹೆಸರು 2011ರಲ್ಲೇ ಹೀರೋ ಮೋಟೋಕಾರ್ಪ್ ಆಯಿತು, ಆಮೇಲೆ ಭಾಗಗಳೂ ಬದಲಾಗಿವೆ. ಮರಾಠಿಯಲ್ಲಿ "ದಾದಾ, ಓರಿಜಿನಲ್ ದ್ಯಾ" (ಅಣ್ಣಾ, ಒರಿಜಿನಲ್ ಕೊಡಿ) ಅಂದರೆ ಸಾಲದು, ಪ್ಯಾಕೆಟ್ ಮೇಲೆ ಪಾರ್ಟ್ ನಂಬರ್, ಬೆಲೆ ಓದಿ. ಮಡ್‌ಗಾರ್ಡ್, ಕನ್ನಡಿ ಡುಪ್ಲಿಕೇಟ್ ತಗೊಂಡರೂ ನಡೆಯುತ್ತದೆ. ಬ್ರೇಕ್ ಶೂ, ಪ್ಯಾಡ್, ಕೇಬಲ್ ಮಾತ್ರ ಕಂಪನಿಯದ್ದೇ ಇರಲಿ. ಪಾನಾ ಸೆಟ್‌ಗೆ ಸ್ವಲ್ಪ ದುಡ್ಡು ಹಾಕಿ. 8, 10, 12, 14, 17ರ ರಿಂಗ್ ಪಾನಾ, ಒಂದೆರಡು ಟಿ ಪಾನಾ, ಪ್ಲಗ್ ಪಾನಾ, ಒಂದು ಒಳ್ಳೆ ಸ್ಕ್ರೂಡ್ರೈವರ್. ನಾಸಿಕ್‌ನಲ್ಲೇ ತಯಾರಾಗುವ ಟಪಾರಿಯಾ ಧಾರಾಳ ಸಾಕು. ಅಗ್ಗದ ಪಾನಾ ಬಾಯಿ ಅಗಲಿಸಿಕೊಂಡು ನಟ್‌ನ ಮೂಲೆ ಉರುಟು ಮಾಡುತ್ತದೆ.

ಫೋರ್ಕ್ ಆಯಿಲ್ ಸೀಲ್, ಚಕ್ರದ ಬೇರಿಂಗ್, ಹ್ಯಾಂಡಲ್ ಕೋನ್ ಸೆಟ್, ಕ್ಲಚ್ ಪ್ಲೇಟ್, ಎಂಜಿನ್ ತೆರೆಯುವುದು, ಇವು ಮೆಕ್ಯಾನಿಕ್ ಕೆಲಸ. ಅದಕ್ಕೆ ಬೇರೆಯೇ ಸಲಕರಣೆ ಬೇಕು. ಆದರೆ ಹತ್ತಿರ ನಿಂತು ನೋಡಿ, ಬಿಚ್ಚಿದ ಹಳೆ ಭಾಗ ಕೇಳಿ ತಗೊಳ್ಳಿ. ಒಳ್ಳೆಯ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳುವುದಿಲ್ಲ, ಎಲ್ಲಿ ಸವೆದಿದೆ ಅಂತ ಬೆರಳಿಟ್ಟು ತೋರಿಸುತ್ತಾರೆ.

ಕೊನೆಯದಾಗಿ ಹಳೆ ಆಯಿಲ್. ಸೊಸೈಟಿ ಗಟಾರಕ್ಕೆ ಸುರಿಯಬೇಡಿ, ಅದು ಸೀದಾ ಮುಳಾ-ಮುಠಾ ಹೊಳೆಗೆ ಹೋಗುತ್ತದೆ. ಖಾಲಿಯಾದ ಹೊಸ ಆಯಿಲ್ ಡಬ್ಬಿಗೇ ತುಂಬಿ ಮುಚ್ಚಳ ಹಾಕಿ, ಹತ್ತಿರದ ಗ್ಯಾರೇಜಿಗೆ ಕೊಡಿ. ಅವರ ಬ್ಯಾರೆಲ್ ಇರುತ್ತದೆ. ಪಾರ್ಕಿಂಗ್‌ನಲ್ಲಿ ಕೆಲಸ ಮಾಡುವಾಗ ಕೆಳಗೆ ಹಳೆ ರಟ್ಟು ಹಾಸಿ, ನೆಲದ ಮೇಲೆ ಕಲೆ ಬಿದ್ದರೆ ಮುಂದಿನ ವಾರ ಕಮಿಟಿಯವರು ಜಾಗ ಕೊಡುವುದಿಲ್ಲ.

ಈಗ ನೀವು ಕೇಳಿ. ಡ್ರಮ್ ಬ್ರೇಕ್ ಗಾಡಿ ತಂದವರು ಇದ್ದರೆ ಚಹಾ ಆದ ಮೇಲೆ ಕೆಳಗೆ ಹೋಗಿ ಆ ಬಾಣದ ಗುರುತು ಎಲ್ಲಿದೆ ಅಂತ ಒಂದೊಂದೇ ಗಾಡಿಯಲ್ಲಿ ನೋಡೋಣ.