ಪ್ರಶ್ನೆ ಓದುವ ದನಿ

ಕೇಳುಗರಿಗೆ ನಮಸ್ಕಾರ.

ರಸಪ್ರಶ್ನೆ ಕಾರ್ಯಕ್ರಮ ನಡೆಸಿಕೊಡುವವರ ಕೆಲಸ ನೋಡುವವರಿಗೆ ಬಹಳ ಸುಲಭವಾಗಿ ಕಾಣುತ್ತದೆ. ಪ್ರಶ್ನೆಯನ್ನು ಬೇರೆ ಯಾರೋ ಬರೆದುಕೊಟ್ಟಿರುತ್ತಾರೆ, ಉತ್ತರವೂ ಕೈಯಲ್ಲಿರುವ ಕಾರ್ಡಿನಲ್ಲೇ ಇರುತ್ತದೆ, ಓದಿ ಹೇಳುವುದೊಂದೇ ಬಾಕಿ ಎಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ. ನನ್ನ ಆ ಎಣಿಕೆಯನ್ನು ಬದಲಿಸಿದವರು ಫ್ರಾನ್ಸಿನ ಜೂಲಿಯಾಂ ಲೆಪೇರ್ಸ್. 1988ರ ನವೆಂಬರ್ 7ರಿಂದ 2016ರ ಫೆಬ್ರವರಿಯವರೆಗೆ, ಅಂದರೆ 27 ವರ್ಷಗಳಿಗೂ ಮಿಗಿಲಾಗಿ, ಅವರು ಫ್ರಾನ್ಸಿನ ಸಾರ್ವಜನಿಕ ವಾಹಿನಿಯೊಂದರಲ್ಲಿ ಸಂಜೆಯ ಹೊತ್ತು ಕೈಯಲ್ಲಿ ಕಾರ್ಡು ಹಿಡಿದು ನಿಂತು ಪ್ರಶ್ನೆಗಳನ್ನು ಓದಿದರು. ಆ ಕಾರ್ಯಕ್ರಮದ ಹೆಸರು 'ಕೆಸ್ತಿಯೊಂ ಪೂರ್ ಅಂ ಶಾಂಪಿಯೊಂ'. ಕನ್ನಡದಲ್ಲಿ ಹೇಳುವುದಾದರೆ, 'ಚಾಂಪಿಯನ್‌ಗೆ ಪ್ರಶ್ನೆಗಳು'. ಪ್ರಶ್ನೆಯನ್ನು ಗಟ್ಟಿಯಾಗಿ ಓದುವುದೇ ಒಂದು ಕಲೆಯೆಂದು, ಆ ಕಲೆ ಅವರಿಗೆ ಸಂಗೀತದಿಂದಲೂ ಬಾನುಲಿಯಿಂದಲೂ ಬಂತೆಂದು ನಾನು ನಂಬಿದ್ದೇನೆ. ಬಾನುಲಿಯ ಮುಂದೆ ಕುಳಿತ ನಿಮ್ಮೊಡನೆ ಅದನ್ನು ಹಂಚಿಕೊಳ್ಳುವುದು ನನಗೆ ಸಂತೋಷದ ಸಂಗತಿ.

ಲೆಪೇರ್ಸ್ ಹುಟ್ಟಿದ್ದು 1949ರ ಆಗಸ್ಟ್ 12ರಂದು. ತಾಯಿ ಗಾಯಕಿ, ತಂದೆ ಸಂಗೀತಗಾರ. ಹಾಗಾಗಿ ತಾಳ ಎಂದರೇನು, ಉಸಿರನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಮನೆಯಲ್ಲೇ ಕಿವಿಗೆ ಬೀಳುತ್ತಿದ್ದ ವಿಷಯವಾಗಿತ್ತು. ಬಾಲ್ಯ ಕಳೆದದ್ದು ದಕ್ಷಿಣದ ಮೆಡಿಟರೇನಿಯನ್ ಕರಾವಳಿಯಲ್ಲಿ. ನೀಸ್ ನಗರದಲ್ಲಿ ಕಾನೂನು ಓದಿದರೂ ನ್ಯಾಯಾಲಯದ ದಾರಿ ಹಿಡಿಯದೆ, 1970ರ ದಶಕದಲ್ಲಿ ಅವರು ರೇಡಿಯೊ ಮೊಂತೆ ಕಾರ್ಲೊ ಎಂಬ ನಿಲಯವನ್ನು ಸೇರಿದರು.

ಆ ಕಾಲದ ಫ್ರೆಂಚ್ ಬಾನುಲಿಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಎರಡನೆಯ ಮಹಾಯುದ್ಧದ ನಂತರ 1980ರ ದಶಕದ ಆರಂಭದವರೆಗೂ ಫ್ರಾನ್ಸಿನ ನೆಲದಿಂದ ಪ್ರಸಾರ ಮಾಡುವ ಹಕ್ಕು ಸರ್ಕಾರದ ಏಕಸ್ವಾಮ್ಯವಾಗಿತ್ತು. ಆದ್ದರಿಂದ ಖಾಸಗಿ ನಿಲಯಗಳು ತಮ್ಮ ಪ್ರಸಾರ ಗೋಪುರಗಳನ್ನು ಗಡಿಯಾಚೆ ನಿಲ್ಲಿಸಿಕೊಂಡವು. ಆರ್‌ಟಿಎಲ್ ಲಕ್ಸೆಂಬರ್ಗಿನಿಂದಲೂ, ಯುರೋಪ್ 1 ಜರ್ಮನಿಯ ಸಾರ್ ಪ್ರದೇಶದಿಂದಲೂ ಫ್ರೆಂಚರಿಗಾಗಿ ಫ್ರೆಂಚ್ ಭಾಷೆಯಲ್ಲಿ ಮಾತನಾಡುತ್ತಿದ್ದವು. ರೇಡಿಯೊ ಮೊಂತೆ ಕಾರ್ಲೊ ಪುಟ್ಟ ಮೊನಾಕೊ ದೇಶದ ನಿಲಯ. ಗಡಿಯ ಅಂಚಿನಲ್ಲಿದ್ದ ಕಾರಣ ಇವುಗಳನ್ನು 'ಪರಿಧಿಯ ನಿಲಯಗಳು' ಎಂದೇ ಜನ ಕರೆಯುತ್ತಿದ್ದರು. ಸರ್ಕಾರಿ ನಿಲಯದ ಗಾಂಭೀರ್ಯ ಇವುಗಳಿಗೆ ಬೇಕಿರಲಿಲ್ಲ. ಹಾಡು, ಹರಟೆ ಮತ್ತು ಕೇಳುಗರೊಡನೆ ಸಲಿಗೆಯ ಮಾತು ಇವುಗಳ ಬಂಡವಾಳವಾಗಿತ್ತು. ಲೆಪೇರ್ಸ್ ಮೊದಲು ಮೊನಾಕೊದ ನಿಲಯದಲ್ಲಿ, ಆಮೇಲೆ ಆರ್‌ಟಿಎಲ್‌ನಲ್ಲಿ ಹಾಡುಗಳ ಕಾರ್ಯಕ್ರಮ ನಡೆಸುತ್ತ ಈ ಸಲಿಗೆಯ ದನಿಯನ್ನು ರೂಢಿಸಿಕೊಂಡರು.

ಅದೇ ವರ್ಷಗಳಲ್ಲಿ ಅವರು ಹಾಡಿದರು, ಹಾಡುಗಳಿಗೆ ಸಂಗೀತವನ್ನೂ ಹಾಕಿದರು. ಗಾಯಕರಾಗಿ ದೊಡ್ಡ ಹೆಸರು ಬರಲಿಲ್ಲ. ಆದರೆ 1981ರಲ್ಲಿ ಎರ್ಬೇರ್ ಲೆಯೊನಾರ್ ಎಂಬ ಗಾಯಕ ಹಾಡಿ ದೇಶವನ್ನೆಲ್ಲ ಸೆಳೆದ 'ಪೂರ್ ಲ ಪ್ಲೆಜೀರ್' ಎಂಬ ಹಾಡಿನ ಸಂಗೀತ ಲೆಪೇರ್ಸ್ ಅವರದು. ಇಂದಿಗೂ ಆ ಹಾಡನ್ನು ಗುನುಗುವ ಎಷ್ಟೋ ಫ್ರೆಂಚರಿಗೆ, ಅದರ ರಾಗ ಕಟ್ಟಿದವರು ಸಂಜೆ ಪ್ರಶ್ನೆ ಕೇಳುತ್ತಿದ್ದ ಆ ಮನುಷ್ಯನೇ ಎಂದು ಹೇಳಿದರೆ ಆಶ್ಚರ್ಯವಾಗುತ್ತದೆ.

ಫ್ರಾನ್ಸಿನ ರಸಪ್ರಶ್ನೆಯ ಪರಂಪರೆಯ ಬೇರು ಕೂಡ ಬಾನುಲಿಯಲ್ಲೇ ಇದೆ. 1958ರಲ್ಲಿ ಆಂರಿ ಕ್ಯೂಬ್ನಿಕ್ ಎಂಬುವರು ಹುಟ್ಟುಹಾಕಿದ ಒಂದು ಬಾನುಲಿ ಆಟ ಊರಿಂದೂರಿಗೆ ಸಂಚರಿಸುತ್ತ, ಸ್ಥಳೀಯ ಸಭಾಭವನಗಳಲ್ಲಿ ಜನರ ನಡುವೆಯೇ ಧ್ವನಿಮುದ್ರಣಗೊಂಡು ಪ್ರಸಾರವಾಗುತ್ತಿತ್ತು. ಆರಂಭದಲ್ಲಿ '1,00,000 ಫ್ರಾಂಕ್' ಎಂಬ ಮೊತ್ತವೇ ಅದರ ಹೆಸರಿನ ಭಾಗವಾಗಿತ್ತು. ನೂರು ಹಳೆಯ ಫ್ರಾಂಕಿಗೆ ಸಮನಾದ ಹೊಸ ಫ್ರಾಂಕ್ ಬಂದ ಮೇಲೆ ಅದು 1000 ಫ್ರಾಂಕ್ ಆಯಿತು. ಯೂರೊ ಬಂದ ಮೇಲೆ 1000 ಯೂರೊ ಆಯಿತು. ಪ್ರಶ್ನೆಗಳನ್ನು ಕೇಳುಗರೇ ಬರೆದು ಕಳಿಸುತ್ತಾರೆ. ಉತ್ತರ ಯೋಚಿಸುವ ಗಳಿಗೆಗಳನ್ನು ಲೋಹದ ಪಟ್ಟಿಗಳ ಪುಟ್ಟ ವಾದ್ಯವೊಂದು ಟಿಣ್ ಟಿಣ್ ಎಂದು ಎಣಿಸುತ್ತದೆ. ಈ ಆಟವನ್ನು 1965ರಿಂದ 1995ರವರೆಗೆ ಮೂವತ್ತು ವರ್ಷ ನಡೆಸಿದ ಲ್ಯೂಸಿಯಾಂ ಜನೆಸ್ ಕೂಡ ಮೂಲತಃ ಗಾಯಕರೇ. ಹಾಡುಗಾರರೇ ಒಳ್ಳೆಯ ಪ್ರಶ್ನೆಕಾರರಾದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಪ್ರಶ್ನೆಗೂ ಪಲ್ಲವಿಯಂತೆ ಒಂದು ಎತ್ತುಗಡೆ ಬೇಕು, ಒಂದು ನಿಲುಗಡೆಯೂ ಬೇಕು.

ಇನ್ನು ಲೆಪೇರ್ಸ್ ಅವರ ಕಾರ್ಯಕ್ರಮಕ್ಕೆ ಬರೋಣ. ಅದರ ಮೂಲ ಮಾದರಿ ಬ್ರಿಟನ್ನಿನದು. 1987ರಲ್ಲಿ ಬಿಬಿಸಿ ಆರಂಭಿಸಿದ 'ಗೋಯಿಂಗ್ ಫಾರ್ ಗೋಲ್ಡ್' ಎಂಬ ಆಟದಲ್ಲಿ ಯುರೋಪಿನ ನಾನಾ ದೇಶದವರು ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತ ಸ್ಪರ್ಧಿಸುತ್ತಿದ್ದರು. ಮರುವರ್ಷವೇ ಅದು ಫ್ರೆಂಚ್ ರೂಪ ತಾಳಿ ಆಗ ಎಫ್‌ಆರ್ 3 ಎಂದಿದ್ದ, 1992ರಿಂದ ಫ್ರಾನ್ಸ್ 3 ಎಂದು ಹೆಸರಾದ ವಾಹಿನಿಗೆ ಬಂತು. ಬಿಬಿಸಿಯ ಆಟ 1996ರಲ್ಲಿ ನಿಂತಿತು. ಆದರೆ ಅದರ ಫ್ರೆಂಚ್ ರೂಪ ಫ್ರೆಂಚ್ ಮನೆಗಳಲ್ಲಿ ಸಂಜೆಯ ವಾರ್ತೆಗೆ ಮುಂಚಿನ ನಿತ್ಯದ ಅಭ್ಯಾಸವಾಗಿ ಬೆಳೆಯಿತು.

ಆಟ ಮೂರು ಸುತ್ತಿನದು. ಮೊದಲ ಸುತ್ತಿನಲ್ಲಿ ನಾಲ್ವರು ಸ್ಪರ್ಧಿಗಳು ಗುಂಡಿ ಒತ್ತುವ ಪೈಪೋಟಿಯಲ್ಲಿ ಒಂಬತ್ತು ಅಂಕ ಮುಟ್ಟಬೇಕು. ಮುಟ್ಟದೆ ಉಳಿದವರು ಮನೆಗೆ. ಎರಡನೆಯ ಸುತ್ತಿನಲ್ಲಿ ಒಂದು ವಿಷಯ ಆರಿಸಿಕೊಂಡು ನಲವತ್ತು ಸೆಕೆಂಡಿನೊಳಗೆ ಸತತವಾಗಿ ನಾಲ್ಕು ಸರಿಯುತ್ತರ ಕೊಡಬೇಕು. ಮೂರನೆಯದು ಇಬ್ಬರ ಮುಖಾಮುಖಿ. ಈ ಕೊನೆಯ ಸುತ್ತಿನಲ್ಲೇ ಓದುವವರ ಕಸುಬು ಪೂರ್ತಿ ತೆರೆದುಕೊಳ್ಳುತ್ತದೆ. ಪ್ರಶ್ನೆ ಆರಂಭವಾದಾಗ ಅದರ ಬೆಲೆ ನಾಲ್ಕು ಅಂಕ. ಓದು ಮುಂದುವರಿದಂತೆ ಬೆಲೆ ಮೂರಕ್ಕೆ, ಎರಡಕ್ಕೆ, ಒಂದಕ್ಕೆ ಇಳಿಯುತ್ತದೆ. ಹಾಗೆ ಇಳಿಯುವಾಗ ಉತ್ತರ ಹೇಳುವ ಹಕ್ಕೂ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಮೊದಲು ಹನ್ನೆರಡು ಅಂಕ ಗಳಿಸಿದವರು ಗೆದ್ದಂತೆ.

ಈ ಸುತ್ತಿನ ಪ್ರತಿ ಪ್ರಶ್ನೆಯೂ 'ಟಾಪ್' ಎಂಬ ಒಂದು ಚಿಕ್ಕ ಮಾತಿನಿಂದ ಹೊರಡುತ್ತಿತ್ತು. ಅದರ ಹಿಂದೆಯೇ 'ಜ ಸ್ವಿ', ಅಂದರೆ 'ನಾನು' ಎಂಬ ಮಾತು ಬರುತ್ತಿತ್ತು. ಅಂದರೆ ಪ್ರಶ್ನೆ ಉತ್ತಮ ಪುರುಷದಲ್ಲಿರುತ್ತಿತ್ತು. ಲೆಪೇರ್ಸ್ ಒಂದು ಗಳಿಗೆ ಹದಿನೆಂಟನೆಯ ಶತಮಾನದ ತತ್ವಜ್ಞಾನಿಯಾಗಿ, ಮರುಗಳಿಗೆ ಒಂದು ನದಿಯಾಗಿ, ಆಮೇಲೆ ಒಂದು ಬಗೆಯ ಗಿಣ್ಣಾಗಿ ಮಾತನಾಡುತ್ತಿದ್ದರು. ಒಂದು ಪದವನ್ನು ಭಾಗ ಮಾಡಿ ಕೇಳುವ ಫ್ರೆಂಚರ ಹಳೆಯ ಒಗಟುಗಳಲ್ಲೂ 'ನನ್ನ ಮೊದಲ ಭಾಗ ಇಂಥದು, ಎರಡನೆಯದು ಇಂಥದು, ನಾನು ಇಡಿಯಾಗಿ ಇಂಥದು' ಎಂದು ವಸ್ತುವೇ ಮಾತನಾಡುವ ಪದ್ಧತಿಯಿದೆ; ಟಿ.ವಿ.ಯ ಈ ಆಟ ಆ ರೂಢಿಗೆ ಚೆನ್ನಾಗಿ ಹೊಂದಿಕೊಂಡಿತು.

ಈ ಓದು ಹೇಗಿರುತ್ತಿತ್ತೆಂದು ತೋರಿಸಲು ಅದೇ ಅಚ್ಚಿನಲ್ಲಿ ನಾನೇ ಒಂದು ಪ್ರಶ್ನೆ ಕಟ್ಟಿದ್ದೇನೆ. ನೀವೂ ಉತ್ತರ ಹುಡುಕುತ್ತ ಕೇಳಿ.

ಟಾಪ್! ನಾನು 1832ರಲ್ಲಿ ದಿಜೊಂ ನಗರದಲ್ಲಿ ಹುಟ್ಟಿದವನು. ಪೋರ್ಚುಗಲ್ಲಿನ ಪೋರ್ತೊದಲ್ಲಿ ದೋರೊ ನದಿಯ ಮೇಲೆ 1877ರಲ್ಲಿ ತೆರೆದ ಕಬ್ಬಿಣದ ರೈಲು ಸೇತುವೆಯನ್ನು ನನ್ನ ಸಂಸ್ಥೆ ಕಟ್ಟಿತು. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಒಳಗಿನ ಹಂದರ ನನ್ನ ಸಂಸ್ಥೆಯದೇ. 1889ರ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಎದ್ದು ನಿಂತ ಗೋಪುರಕ್ಕೆ ನನ್ನ ಹೆಸರಿದೆ. ನಾನು...

ಉತ್ತರ ಗುಸ್ತಾವ್ ಐಫೆಲ್ ಎಂಬುದು ಕೊನೆಯ ವಾಕ್ಯಕ್ಕೆ ಎಲ್ಲರಿಗೂ ಹೊಳೆಯುತ್ತದೆ. ದಿಜೊಂ ಎಂಬ ಒಂದೇ ಸುಳಿವಿಗೆ ಹೊಳೆದವರಿಗೆ ನಾಲ್ಕು ಅಂಕ. ಇಂಥ ಪ್ರಶ್ನೆಯನ್ನು ಓದುವವರು ದಿಜೊಂ ಎಂಬ ಹೆಸರನ್ನು ಒತ್ತಿ ಹೇಳಿದರೆ ಸ್ಪರ್ಧಿಗೆ ನೆರವಾದಂತಾಗುತ್ತದೆ. ನುಂಗಿ ಹೇಳಿದರೆ ಅನ್ಯಾಯವಾಗುತ್ತದೆ. ಗಡಿಯಾರ ಓಡುತ್ತಿರುವುದರಿಂದ ಒಂದು ಸುಳಿವು ತಡವಾದರೂ ಅಂಕದ ಬೆಲೆ ಬದಲಾಗಿಬಿಡುತ್ತದೆ. ಉಸಿರೆಳೆದುಕೊಳ್ಳಲು ನಿಂತ ಆ ಅರೆಗಳಿಗೆಯನ್ನೂ ಸ್ಪರ್ಧಿ ಸುಳಿವೆಂದು ಭಾವಿಸಬಹುದು. ಇದರ ಮೇಲೆ, ಸ್ಪರ್ಧಿ ವಾಕ್ಯದ ನಡುವೆ ಬಾಯಿ ಹಾಕಿದ ಕೂಡಲೇ ಉತ್ತರವನ್ನು ಒಪ್ಪಬೇಕೇ ಬೇಡವೇ ಎಂದು ಅಲ್ಲೇ ತೀರ್ಮಾನಿಸಬೇಕು. ಲೆಪೇರ್ಸ್ ವೇಗವಾಗಿ ಓದುತ್ತಿದ್ದರು, ಆದರೆ ಅಕ್ಷರ ಕಲೆಸುತ್ತಿರಲಿಲ್ಲ. ಸರಿಯುತ್ತರ ಬಂದಾಗ ಅವರ ಬಾಯಿಂದ ಹೊರಡುತ್ತಿದ್ದ 'ವೀ, ವೀ, ವೀ!' ಎಂಬ ಉದ್ಗಾರ, ಅಂದರೆ 'ಹೌದು, ಹೌದು, ಹೌದು!' ಎಂಬುದು, ದೇಶದ ಮನೆಮಾತಾಯಿತು.

ಆ ಉತ್ಸಾಹ ಕೆಲವರಿಗೆ ಅತಿಯೆನಿಸಿದ್ದೂ ಉಂಟು. ಲೆಜೆಂಕೊನ್ಯೂ ಎಂಬ ಹಾಸ್ಯನಟರ ತಂಡ ಈ ಕಾರ್ಯಕ್ರಮವನ್ನೇ ಅಣಕಿಸಿ ಮಾಡಿದ ಪ್ರಹಸನದಲ್ಲಿ, ಯಾವ ಪ್ರಶ್ನೆ ಕೇಳಿದರೂ 'ಮೊನಾಕೊದ ಸ್ತೆಫಾನಿ' ಎಂಬ ರಾಜಕುಮಾರಿಯ ಹೆಸರೇ ಉತ್ತರವಾಗಿ ಬರುತ್ತದೆ. ಅದು ಫ್ರಾನ್ಸಿನಲ್ಲಿ ಇವತ್ತಿಗೂ ನಗೆಯ ಮಾತು. ಅಣಕಕ್ಕೆ ಸಿಗುವಷ್ಟು ಸ್ಪಷ್ಟವಾದ ಶೈಲಿಯೊಂದು ಪ್ರಶ್ನೆ ಓದುವವರಿಗೆ ಇತ್ತೆಂಬುದನ್ನು ನಾನು ಅವರ ಹಿರಿಮೆಯೆಂದೇ ಎಣಿಸುತ್ತೇನೆ.

ನನಗೆ ಈ ದನಿಯ ಪರಿಚಯವಾದದ್ದು ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುತ್ತಿದ್ದಾಗ. ಟಿವಿ5 ಎಂಬ ಫ್ರೆಂಚ್ ವಾಹಿನಿ ಈ ಕಾರ್ಯಕ್ರಮವನ್ನು ಜಗತ್ತಿನ ಹಲವು ಕಡೆಗೆ ತಲುಪಿಸುತ್ತಿತ್ತು. ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು, ಪ್ರಶ್ನೆಯಲ್ಲಿ ಬರುವ ಇಸವಿಗಳನ್ನು ಬರೆದುಕೊಳ್ಳುವುದೆಂದು ನನಗೆ ನಾನೇ ಅಭ್ಯಾಸ ಹಾಕಿಕೊಂಡಿದ್ದೆ. ಫ್ರೆಂಚ್ ಕಲಿತವರಿಗೆ ಇದರ ಕಷ್ಟ ಗೊತ್ತು. ಆ ಭಾಷೆಯಲ್ಲಿ ತೊಂಬತ್ತೆರಡು ಎನ್ನಲು 'ಕಾತ್ರ ವೇಂ ದೂಜ್' ಎನ್ನಬೇಕು, ಅಂದರೆ 'ನಾಲ್ಕು ಇಪ್ಪತ್ತು ಹನ್ನೆರಡು'. ನಾಲ್ಕು ಇಪ್ಪತ್ತಲ ಎಂಬತ್ತು, ಅದಕ್ಕೆ ಹನ್ನೆರಡು ಸೇರಿಸಿದರೆ ತೊಂಬತ್ತೆರಡು ಎಂದು ಮನಸ್ಸಿನಲ್ಲಿ ಮಗ್ಗಿ ಒಪ್ಪಿಸಿ 1892 ಎಂದು ಬರೆಯುವ ಹೊತ್ತಿಗೆ, ಸ್ಪರ್ಧಿ ಉತ್ತರ ಹೇಳಿ, 'ವೀ, ವೀ' ಮುಗಿದು, ಮುಂದಿನ ಪ್ರಶ್ನೆಯ ಟಾಪ್ ಕೇಳಿಸಿರುತ್ತಿತ್ತು. ಕೆಲವು ತಿಂಗಳ ಬಳಿಕ ಒಂದು ಸಂಜೆ, ಲೆಕ್ಕ ಹಾಕದೆಯೇ ಇಸವಿ ಕಿವಿಯಲ್ಲಿ ನೇರವಾಗಿ ಮೂಡಿತು. ಆ ಸಂಜೆಯ ಸಂತೋಷವನ್ನು ನಾನು ಮರೆತಿಲ್ಲ. ಅದನ್ನು ನನಗೆ ಕಲಿಸಿದ್ದು ಅವರ ಸ್ವಚ್ಛವಾದ ಉಚ್ಚಾರ.

ಈ ಆಟ ಹಣದ ಹೊಳೆ ಹರಿಸಿ ಬೆಳೆದದ್ದಲ್ಲ. ನಿಘಂಟು, ವಿಶ್ವಕೋಶಗಳಂಥ ಪುಸ್ತಕಗಳು ಅದರ ಹೆಸರಾಂತ ಬಹುಮಾನಗಳಾಗಿದ್ದವು. ಬೆಂಗಳೂರು ದೂರದರ್ಶನದ ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಟ್ಟ 'ಥಟ್ ಅಂತ ಹೇಳಿ' ಕಾರ್ಯಕ್ರಮದಲ್ಲೂ ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನವೆಂಬುದು ನಿಮಗೆಲ್ಲ ತಿಳಿದದ್ದೇ. ಪುಸ್ತಕಕ್ಕಾಗಿ ಸ್ಪರ್ಧಿಸಲು ಬರುವವರ ಜಾತಿಯೇ ಬೇರೆ. ಫ್ರಾನ್ಸಿನಲ್ಲಿ ಅಂಥವರು ಟಿ.ವಿ.ಗೆ ಕಾಯದೆ ತಮ್ಮ ಊರುಗಳಲ್ಲೇ ಕಾರ್ಯಕ್ರಮದ ಹೆಸರಿನ ಕ್ಲಬ್ಬುಗಳನ್ನು ಕಟ್ಟಿಕೊಂಡರು. ಅವುಗಳ ಸಂಖ್ಯೆ ನೂರನ್ನು ಮೀರಿತು. ನಿವೃತ್ತ ಶಿಕ್ಷಕರು, ಗೃಹಿಣಿಯರು, ವಿದ್ಯಾರ್ಥಿಗಳು ಒಂದು ಕೋಣೆಯಲ್ಲಿ ಸೇರಿ, ಗುಂಡಿಗಳಿರುವ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟುಕೊಂಡು, ತಾವೇ ಬರೆದುತಂದ ಪ್ರಶ್ನೆಗಳಿಂದ ಆಡುತ್ತಾರೆ.

2015ರ ಡಿಸೆಂಬರಿನಲ್ಲಿ, ಲೆಪೇರ್ಸ್ ಅವರ ಬದಲಿಗೆ ಬೇರೆಯವರು ಬರುತ್ತಾರೆಂದು ಸುದ್ದಿಯಾಯಿತು. ಆಗ ಅವರಿಗೆ 66 ವರ್ಷ. ಅದೇ ವರ್ಷ ಸಾರ್ವಜನಿಕ ದೂರದರ್ಶನ ಸಂಸ್ಥೆಯ ಅಧ್ಯಕ್ಷೆಯಾಗಿದ್ದ ದೆಲ್ಫೀನ್ ಎರ್ನೋತ್ ಅವರು, ಪರದೆಯ ಮೇಲೆ ಐವತ್ತು ದಾಟಿದ ಬಿಳಿಯ ಗಂಡಸರೇ ತುಂಬಿದ್ದಾರೆ, ಇದು ಬದಲಾಗಬೇಕು ಎಂಬ ಅರ್ಥದ ಮಾತನ್ನು ಬಹಿರಂಗವಾಗಿ ಆಡಿದ್ದರಿಂದ, ಈ ಬದಲಾವಣೆಯ ಬಗ್ಗೆ ಬಿಸಿಯಾದ ಚರ್ಚೆ ನಡೆಯಿತು. ಹೊಸ ಮುಖಗಳಿಗೆ ಜಾಗ ಬೇಕೆಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೂ ದಿನವೂ ಒಂದೇ ಹೊತ್ತಿಗೆ ಕೇಳಿಸುತ್ತಿದ್ದ ದನಿ ನಿಂತಾಗ, ಒಂಟಿಯಾಗಿ ಊಟಕ್ಕೆ ಕೂರುವ ಹಿರಿಯರಿಗೆ ಏನನ್ನಿಸಿರಬಹುದೆಂದು ಬಾನುಲಿಯ ಒಡನಾಟವಿರುವ ಯಾರಾದರೂ ಊಹಿಸಬಲ್ಲರು. 2016ರ ಫೆಬ್ರವರಿ 22ರಿಂದ ಪತ್ರಕರ್ತ ಸಾಮ್ಯುಯೆಲ್ ಎತಿಯೆನ್ ಆ ಜಾಗದಲ್ಲಿ ನಿಂತರು. ಅವರ ಓದು ಹೆಚ್ಚು ಶಾಂತ, ಬೋಧಕ ಸ್ವಭಾವದ್ದು. ಅದೂ ತನ್ನ ಪ್ರೇಕ್ಷಕರನ್ನು ಸಂಪಾದಿಸಿಕೊಂಡಿತು. ಲೆಪೇರ್ಸ್ ಅದೇ ವರ್ಷ ಟಿ.ವಿ.ಯ ನೃತ್ಯಸ್ಪರ್ಧೆಯೊಂದರಲ್ಲಿ ಸ್ಪರ್ಧಿಯಾಗಿ ಕಾಣಿಸಿಕೊಂಡರು: ಅಷ್ಟು ವರ್ಷ ಇತರರಿಗೆ ಅಂಕ ಕೊಟ್ಟವರು, ಈಗ ತೀರ್ಪುಗಾರರ ಮುಂದೆ ನಿಂತು ತಮ್ಮ ಅಂಕಕ್ಕಾಗಿ ಕಾದರು.

ಕಾರ್ಡು ಅವರ ಕೈ ಬಿಟ್ಟರೂ ಆಟದ ಪಲ್ಲವಿ ಬದಲಾಗಲಿಲ್ಲ. ಎತಿಯೆನ್ ಓದಿದ ಮುಖಾಮುಖಿ ಸುತ್ತಿನ ಪ್ರಶ್ನೆಯೂ ಅದೇ ಎರಡು ಮಾತಿನಿಂದಲೇ ಹೊರಟಿತು: 'ಟಾಪ್! ಜ ಸ್ವಿ...'

ನಮಸ್ಕಾರ.