ಗೋಡೆಯ ಮೇಲಿಲ್ಲದ ಹೆಸರುಗಳು

ಕೇಳುಗರಿಗೆ ನಮಸ್ಕಾರ.

ಬಸವನಗುಡಿಯ ನಮ್ಮ ಮನೆಯ ನಡುಮನೆಯಲ್ಲಿ ಒಂದು ವಂಶವೃಕ್ಷ ಇದೆ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದು. ಏಳು ತಲೆಮಾರು, ಕೊಂಬೆ ತುಂಬ ಗಂಡಸರೇ. ಚಿಕ್ಕವಳಿದ್ದಾಗ ಒಮ್ಮೆ, "ಅಜ್ಜಿ, ಇದರಲ್ಲಿ ನೀನೆಲ್ಲಿದ್ದೀಯ?" ಅಂತ ಕೇಳಿದ್ದೆ. ಅಜ್ಜಿ ಸೊಪ್ಪು ಬಿಡಿಸ್ತಾ ಕೂತಿದ್ದರು. "ಮರಕ್ಕೆ ನೀರು ಹಾಕೋರ ಹೆಸರು ಯಾರಾದ್ರೂ ಬರೀತಾರೇನೇ?" ಅಂದರು.

ಅದನ್ನೇ ಬರೆಯಲು ಹೊರಟ ಒಬ್ಬ ಹೆಂಗಸಿನ ಬಗ್ಗೆ ಇವತ್ತು ಮಾತಾಡ್ತೀನಿ. ಹೆಸರು ಗೆರ್ಡಾ ಲರ್ನರ್. ಹುಟ್ಟಿದ್ದು 1920ರಲ್ಲಿ, ಆಸ್ಟ್ರಿಯಾದ ವಿಯೆನ್ನಾದಲ್ಲಿ, ಯಹೂದಿ ಮನೆತನದಲ್ಲಿ. ಅಪ್ಪನದು ಔಷಧಿ ಅಂಗಡಿ. 1938ರಲ್ಲಿ ನಾಜಿಗಳು ಆಸ್ಟ್ರಿಯಾಕ್ಕೆ ನುಗ್ಗಿದರು. ಅಪ್ಪ ಗಡಿ ದಾಟಿ ತಪ್ಪಿಸಿಕೊಂಡರು. ಅವರನ್ನು ಮಣಿಸಬೇಕು ಅಂತ ತಾಯಿ, ಮಗಳನ್ನು ಹಿಡಿದು ಜೈಲಿಗೆ ಹಾಕಿದರು. ಆರು ವಾರ. ಗೆರ್ಡಾಗೆ ಹದಿನೆಂಟು ತುಂಬಿದ್ದು ಆ ಕೋಣೆಯೊಳಗೇ. ಯಹೂದಿ ಕೈದಿಗಳಿಗೆ ಊಟ ಕಡಿಮೆ ಕೊಡುತ್ತಿದ್ದರು. ಅದೇ ಕೋಣೆಯಲ್ಲಿ ಯಹೂದಿಗಳಲ್ಲದ ಇಬ್ಬರು ಹುಡುಗಿಯರಿದ್ದರು, ರಾಜಕೀಯ ಕೈದಿಗಳು. ತಮ್ಮ ಪಾಲಿನದರಲ್ಲೇ ಈಕೆಗೂ ಕೊಟ್ಟು ತಿಂದರು. ಬದುಕೋದಕ್ಕೆ ಬೇಕಾದ ಪಾಠವೆಲ್ಲ ಆ ಆರು ವಾರದಲ್ಲೇ ಸಿಕ್ಕಿತು ಅಂತ ಗೆರ್ಡಾ ಆಮೇಲೆ ಹೇಳುತ್ತಿದ್ದರು.

1939ರಲ್ಲಿ ಅಮೆರಿಕ ಸೇರಿದರು. ಹೋಟೆಲಿನಲ್ಲಿ ತಟ್ಟೆ ಎತ್ತಿಟ್ಟರು, ಎಕ್ಸ್‌ರೇ ತೆಗೆಯುವ ಕೆಲಸ ಕಲಿತರು. ಸಿನಿಮಾ ಸಂಕಲನಕಾರ ಕಾರ್ಲ್ ಲರ್ನರ್ ಅವರನ್ನು ಮದುವೆಯಾದರು, ಎರಡು ಮಕ್ಕಳಾದವು. ಕಾಲೇಜು ಮೆಟ್ಟಿಲು ಹತ್ತಿದ್ದು ಆಮೇಲೆ! ಅದಕ್ಕೂ ಒಂದು ಕಥೆ ಇದೆ. ಸಾರಾ ಮತ್ತು ಏಂಜೆಲೀನಾ ಗ್ರಿಮ್ಕೆ ಅಂತ ಅಕ್ಕತಂಗಿಯರು, ಗುಲಾಮರನ್ನು ಇಟ್ಟುಕೊಂಡಿದ್ದ ಶ್ರೀಮಂತರ ಮಕ್ಕಳು. ಮನೆ ಬಿಟ್ಟು ಬಂದು, 1830ರ ದಶಕದಲ್ಲಿ ಗುಲಾಮಗಿರಿಯ ವಿರುದ್ಧ ಊರೂರು ತಿರುಗಿ ಭಾಷಣ ಮಾಡಿದವರು. ಹೆಂಗಸರು ಸಭೆಯಲ್ಲಿ ಮಾತಾಡೋದೇ ತಪ್ಪು ಅನ್ನುವ ಕಾಲ ಅದು. ಗೆರ್ಡಾ ಈ ಅಕ್ಕತಂಗಿಯರ ಮೇಲೆ ಕಾದಂಬರಿ ಬರೆಯಲು ಕೂತರು. ಬರೀತಾ ಬರೀತಾ, ಇದು ಊಹೆಯಿಂದ ಆಗುವ ಕೆಲಸ ಅಲ್ಲ, ಇತಿಹಾಸ ಓದಲೇಬೇಕು ಅನ್ನಿಸಿತು. ನಲವತ್ತಮೂರಕ್ಕೆ ಬಿ.ಎ., ನಲವತ್ತಾರಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಅಕ್ಕತಂಗಿಯರ ಪುಸ್ತಕ 1967ರಲ್ಲಿ ಬಂತು, ಕಾದಂಬರಿಯಾಗಿ ಅಲ್ಲ, ಇತಿಹಾಸವಾಗಿ.

1972ರಲ್ಲಿ ನ್ಯೂಯಾರ್ಕ್ ಹತ್ತಿರದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಮಹಿಳಾ ಇತಿಹಾಸಕ್ಕೇ ಎಂ.ಎ. ತರಗತಿ ಶುರು ಮಾಡಿಸಿದರು. ಅದೇ ವರ್ಷ, ಕಪ್ಪು ಹೆಂಗಸರು ತಾವೇ ಬರೆದ, ಹೇಳಿದ ದಾಖಲೆಗಳನ್ನು ಹುಡುಕಿ ಒಂದು ದಪ್ಪ ಪುಸ್ತಕ ತಂದರು. ನನ್ನ ಕೇಳಿದರೆ, ಅವರ ಕೆಲಸದಲ್ಲಿ ಇದಕ್ಕೇ ತೂಕ ಜಾಸ್ತಿ. ಆದರೆ ಹೆಸರು ತಂದದ್ದು 1986ರ ಪುಸ್ತಕ. ಗಂಡಸರ ಯಜಮಾನಿಕೆ ಹುಟ್ಟಿನಿಂದ ಬಂದದ್ದಲ್ಲ, ಕಾಲಕ್ರಮದಲ್ಲಿ ಕಟ್ಟಿದ್ದು ಅನ್ನುವುದು ಅದರ ವಾದ. ಅದಕ್ಕೆ ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕ್ ಕಡೆಯ, ಹಳೆಯ ಕಾನೂನುಗಳನ್ನು ಕೆದಕಿದರು. ಅಸ್ಸೀರಿಯಾದ ಒಂದು ಕಾನೂನಿನ ಪ್ರಕಾರ ಗೃಹಿಣಿ ಬೀದಿಗೆ ಬಂದರೆ ಮುಸುಕು ಹಾಕಲೇಬೇಕು. ವೇಶ್ಯೆ, ದಾಸಿ ಹಾಕಲೇಬಾರದು, ಹಾಕಿದರೆ ಶಿಕ್ಷೆ. ಒಂದು ತುಂಡು ಬಟ್ಟೆಯಿಂದ ಹೆಂಗಸರನ್ನು ಎರಡು ಗುಂಪು ಮಾಡಿದ್ದಾಯ್ತು, ಅಲ್ವಾ? ಅಷ್ಟು ಹಿಂದಿನ ಕಾಲದ ಬಗ್ಗೆ ಅವರು ಹೇಳಿದ್ದನ್ನು ಎಲ್ಲ ತಜ್ಞರೂ ಒಪ್ಪಿಲ್ಲ, ನಿಜ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಇನ್ನೊಂದು ಮಾತು. ಧರ್ಮಗ್ರಂಥದಲ್ಲಿ ಹೆಣ್ಣನ್ನು ಕೀಳಾಗಿ ಕಂಡಿಲ್ಲ ಅಂತ ಯುರೋಪಿನ ಹೆಂಗಸರು ನೂರಾರು ವರ್ಷ ವಾದ ಮಾಡಿದರು. ಪ್ರತಿಯೊಬ್ಬಳೂ ತಾನೇ ಮೊದಲು ಅಂದುಕೊಂಡು ಒಂದರಿಂದ ಎಣಿಸಲು ಶುರು ಮಾಡಿದಳು. ಹಿಂದಿನವಳು ಬರೆದದ್ದು ಮುಂದಿನವಳ ಕೈಗೆ ಸಿಗಲೇ ಇಲ್ಲ.

ನಮ್ಮೂರಲ್ಲೇ ನೋಡಿ. ಚಾಮರಾಜಪೇಟೆಯ ಕಡೆ ಬಸ್ಸಿನಲ್ಲಿ ಹೋದರೆ ಕಂಡಕ್ಟರ್ "ಮಕ್ಕಳ ಕೂಟ, ಯಾರ್ರೀ ಇಳಿಯೋರು?" ಅಂತ ಕೂಗುತ್ತಾರೆ. ಆ ಕೂಟ ಕಟ್ಟಿದವರು ಆರ್. ಕಲ್ಯಾಣಮ್ಮ, 1938ರಲ್ಲಿ. ಎಳೆ ವಯಸ್ಸಿಗೇ ವಿಧವೆಯಾದವರು. 'ಸರಸ್ವತಿ' ಅನ್ನುವ ಮಹಿಳಾ ಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ನಾನು ಆ ಸ್ಟಾಪಿನಲ್ಲಿ ಎಷ್ಟೋ ವರ್ಷ ಇಳಿದಿದ್ದೀನಿ, ಹತ್ತಿದ್ದೀನಿ. ಅವರ ಹೆಸರು ಗೊತ್ತಾಗಿದ್ದು ಮೊನ್ನೆ ಮೊನ್ನೆ.

ಗೆರ್ಡಾ ಲರ್ನರ್ 2013ರಲ್ಲಿ ತೀರಿಕೊಂಡರು, ತೊಂಬತ್ತೆರಡರ ವಯಸ್ಸಿನಲ್ಲಿ.

ಹೋದ ವಾರ ಆ ವಂಶವೃಕ್ಷ ಕೆಳಗಿಳಿಸಿ ಧೂಳು ಒರೆಸಿದೆ. ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲ್ ಹಿಡಿದು ಗೊತ್ತಿದ್ದ ಹೆಸರು ಬರೆಯಲು ಕೂತೆ. ಅಮ್ಮನದಾಯ್ತು, ಅಜ್ಜಿಯದಾಯ್ತು, ಅಜ್ಜಿಯ ಅತ್ತೆಯದೂ ಆಯ್ತು. ಅವರಿಗಿಂತ ಹಿಂದಿನವರದು ಕೇಳೋಣ ಅಂತ ಮೈಸೂರಿನ ದೊಡ್ಡಮ್ಮನಿಗೆ ಫೋನ್ ಮಾಡಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿದರು.

"ಅವರನ್ನ ಎಲ್ಲರೂ ಅಮ್ಮಯ್ಯ ಅಂತಲೇ ಕರೀತಿದ್ರಂತೆ ಕಣೇ. ಹೆಸರು ಏನೋ, ಯಾರೂ ಹೇಳ್ಲಿಲ್ಲ."

ನಮಸ್ಕಾರ.