ಈ ಭಾನುವಾರ ಕೊನೆಯ ಸೈಕಲ್ ನನ್ನದು

ಬೆಳಗಿನ ಆರೂಕಾಲು. ಇನ್ನೂ ಕತ್ತಲು. ವಿಡಿಯೋದಲ್ಲಿ ಕಾಣುತ್ತಿರುವುದು ತಾಲಾ ಊರಿನ ಚೌಕ. ಮೆಕ್ಸಿಕೋದ ಹಲಿಸ್ಕೊ ರಾಜ್ಯದಲ್ಲಿ, ಗ್ವಾಡಲಹಾರ ನಗರದ ಪಶ್ಚಿಮಕ್ಕಿರುವ ಊರು. ಚರ್ಚಿನ ಮುಂದೆ ಕೆಂಪು ದೀಪಗಳು ಮಿಣುಕುತ್ತಿವೆಯಲ್ಲ, ಅವೆಲ್ಲ ನಮ್ಮ ಸೈಕಲ್‌ಗಳು. ಎಣಿಸಿದೆ. ಇಪ್ಪತ್ಮೂರು. ಇನ್ನೊಮ್ಮೆ ಎಣಿಸಿದೆ.

ಯಾಕಂದ್ರೆ ಇವತ್ತು ನಾನು ಬರ್ರೆದೋರಾ.

ಗುಂಪಾಗಿ ಸೈಕಲ್ ಹೊಡೆಯುವುದಕ್ಕೆ ಇಲ್ಲಿ ರೊದಾದಾ ಅನ್ನುತ್ತಾರೆ. ಪ್ರತಿ ರೊದಾದಾದಲ್ಲೂ ದಾರಿ ತೋರಿಸಲು ಮುಂದೆ ಒಬ್ಬರು ಇರುತ್ತಾರೆ. ಎಲ್ಲರಿಗಿಂತ ಹಿಂದೆ ಇನ್ನೊಬ್ಬರು. ಆ ಹಿಂದಿನವರೇ ಬರ್ರೆದೋರಾ. ಬೀದಿ ಗುಡಿಸುವ ಗಾಡಿಗೂ ಇದೇ ಹೆಸರು. ಸುಸ್ತಾದವರು, ಚೈನು ಕಳಚಿದವರು, ಫೋಟೋ ತೆಗೆಯುತ್ತಾ ನಿಂತುಬಿಟ್ಟವರು, ಎಲ್ಲರನ್ನೂ ಸೇರಿಸಿಕೊಂಡು ಬರುವುದು ಇವರ ಕೆಲಸ. ಎರಡು ವರ್ಷದಿಂದ ಈ ಗುಂಪಿನ ಜೊತೆ ಬರುತ್ತಿದ್ದೇನೆ. ಈ ಕೆಲಸ ನನ್ನ ಕೈಗೆ ಬಂದಿದ್ದು ಇವತ್ತೇ ಮೊದಲು.

ಹೊಳೆಯುವ ಪಟ್ಟಿಯ ಈ ಜಾಕೆಟ್ ಕೊಟ್ಟವರು ನಮ್ಮ ಪ್ರೊಫೆ. ನಿವೃತ್ತ ಮೇಷ್ಟ್ರು. ಇಲ್ಲೂ ನಮ್ಮೂರಿನ ಹಾಗೇ, ಮೇಷ್ಟ್ರು ಆದವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಪಂಪು, ಎರಡು ಟ್ಯೂಬು, ಪ್ಯಾಚು, ಔಷಧಿ ಚೀಲ, ಒಂದು ವಾಕಿಟಾಕಿ ಕೊಟ್ಟು ಹೇಳಿದರು: "ಮಿಹಾ, ದಾರಿ ನೋಡೋದಿದ್ದೇ ಇದೆ. ನೀನು ಮುಂದಿನವರ ಬೆನ್ನು ನೋಡ್ತಾ ಇರು. ಯಾರಿಗೆ ಸುಸ್ತಾಗಿದೆ ಅಂತ ಬೆನ್ನೇ ಹೇಳುತ್ತೆ." ಮಿಹಾ ಅಂದರೆ ಮಗಳೇ ಅಂತ.

ಮೊದಲ ಸ್ವಲ್ಪ ದೂರ ಡಾಂಬರು ರಸ್ತೆ. ನನಗೆ ಈ ಭಾಗ ಕಷ್ಟ. ಎರಡೆರಡು ಟ್ರೈಲರ್ ಕಟ್ಟಿಕೊಂಡ ಲಾರಿಗಳು ಪಕ್ಕದಲ್ಲೇ ಹೋಗುತ್ತವೆ. ಹಿಂದೆ ವಾಹನ ಬಂದರೆ ನಾನು "ಕಾರ್ರೋ!" ಎಂದು ಕೂಗಬೇಕು. ಆ ಕೂಗು ಒಬ್ಬರಿಂದ ಒಬ್ಬರಿಗೆ ಮುಂದಿನ ಸೈಕಲ್‌ವರೆಗೂ ಹೋಗುತ್ತದೆ. ಗುಂಡಿ ಕಂಡರೆ "ಓಯೋ!" ಅನ್ನುವ ಕೂಗು ಮುಂದಿನಿಂದ ಹಿಂದಕ್ಕೆ ಬರುತ್ತದೆ.

ಇಲ್ಲಿ ಒಂದು ನಿಮಿಷ ವಿಡಿಯೋ ಇಲ್ಲ. ಕ್ಯಾಮೆರಾ ಆಫ್ ಮಾಡಿದ್ದೆ. ರಸ್ತೆ ಬದಿಯ ಕಂಬಕ್ಕೆ ಪೂರ್ತಿ ಬಿಳಿ ಬಣ್ಣ ಬಳಿದ ಒಂದು ಸೈಕಲ್ ಕಟ್ಟಿದ್ದಾರೆ. ಆ ಜಾಗದಲ್ಲಿ ಸೈಕಲ್ ಸವಾರರೊಬ್ಬರು ವಾಹನಕ್ಕೆ ಸಿಕ್ಕಿ ತೀರಿಕೊಂಡರು ಎಂಬ ಗುರುತು ಅದು. ಮೆಕ್ಸಿಕೋದ ಎಷ್ಟೋ ರಸ್ತೆಗಳಲ್ಲಿ ಇಂಥ ಬಿಳಿ ಸೈಕಲ್ ನೋಡಿದ್ದೇನೆ. ನಮ್ಮವರು ಅಲ್ಲಿ ನಿಧಾನ ಮಾಡಿ ಒಂದೊಂದು ಸಲ ಬೆಲ್ ಹೊಡೆದು ಮುಂದೆ ಹೋಗುತ್ತಾರೆ. 2022ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಒಂದು ರಸ್ತೆ ಸುರಕ್ಷತಾ ಕಾನೂನು ಬಂತು. ರಸ್ತೆಯಲ್ಲಿ ನಡೆಯುವವರು ಮೊದಲು, ಆಮೇಲೆ ಸೈಕಲ್, ಸ್ವಂತ ಕಾರು ಕೊನೆಗೆ ಅನ್ನುತ್ತದೆ ಅದು. ಪ್ರಾಣ ಕಳೆದುಕೊಂಡವರ ಮನೆಯವರೂ ಸೈಕಲ್ ಗುಂಪುಗಳೂ ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದ್ದರು. ಲಾರಿ ಡ್ರೈವರುಗಳ ಮನಸ್ಸಿಗೆ ಅದು ಇಳಿಯುವವರೆಗೂ ನಾವು ಗುಂಪಾಗೇ ಹೋಗುತ್ತೇವೆ.

ಈಗ ಎಡಕ್ಕೆ ತಿರುಗಿ ಮಣ್ಣಿನ ದಾರಿ. ಅಬ್ಬಾ. ನೋಡಿ, ಎರಡೂ ಕಡೆ ಕಬ್ಬು.

ತಾಲಾದಲ್ಲಿ ದೊಡ್ಡ ಸಕ್ಕರೆ ಕಾರ್ಖಾನೆ ಇದೆ. ಈಗ ಕಬ್ಬು ಕಡಿಯುವ ಕಾಲ. ಸಾಫ್ರಾ ಅನ್ನುತ್ತಾರೆ. ಗಾಳಿ ಈ ಕಡೆ ತಿರುಗಿದಾಗ ಥೇಟ್ ಆಲೆಮನೆ ವಾಸನೆ. ನಾನು ಮದ್ದೂರು ಕಡೆಯವಳು. ಆ ವಾಸನೆಗೆ ನನ್ನ ಕಾಲು ತಾನಾಗೇ ಪೆಡಲ್ ತುಳಿಯುತ್ತದೆ.

ಒಂದು ವ್ಯತ್ಯಾಸ ಇದೆ. ಇಲ್ಲಿ ಕಡಿಯುವ ಮೊದಲು ನಿಂತ ಕಬ್ಬಿಗೇ ಬೆಂಕಿ ಹಾಕುತ್ತಾರೆ. ಒಣಗಿದ ಗರಿ ಸುಟ್ಟುಹೋಗುತ್ತದೆ, ಜಲ್ಲೆ ಉಳಿಯುತ್ತದೆ, ಕೈಯಲ್ಲಿ ಕಡಿಯುವವರಿಗೆ ಸುಲಭ. ನನ್ನ ತೋಳಿನ ಮೇಲೆ ಕಪ್ಪು ಎಳೆಗಳು ಬೀಳುತ್ತಿವೆಯಲ್ಲ, ಅದು ಆ ಬೂದಿ. ಮೊದಲ ಸಲ ಇದನ್ನು ನೋಡಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದ್ದೆ. "ಅಯ್ಯೋ, ಸೋಗೆನೆಲ್ಲ ಸುಟ್ರೆ ದನಕ್ಕೇನ್ ಹಾಕ್ತಾರವ್ವ?" ಅಂದರು. ಹೊಗೆ ಜಾಸ್ತಿ ಇರುವ ದಿನ ನಾವು ದಾರಿ ಬದಲಾಯಿಸುತ್ತೇವೆ. ಆದರೆ ಕಡಿಯುವವರಿಗೆ ಆ ಅನುಕೂಲ ಇಲ್ಲ. ಅವರು ದಿನವಿಡೀ ಆ ಮಸಿಯಲ್ಲೇ ಇರುತ್ತಾರೆ.

ಎಂಟನೇ ಕ್ಲಾಸಿನಲ್ಲಿ ಸರ್ಕಾರದಿಂದ ಸೈಕಲ್ ಬಂದಾಗ ನಾವು ಏಳು ಹುಡುಗಿಯರು ನಾಲೆ ಏರಿ ಮೇಲೆ ಹೈಸ್ಕೂಲಿಗೆ ಹೋಗುತ್ತಿದ್ದೆವು. ಅರಳಿಕಟ್ಟೆ ಹತ್ತಿರ ಏಳೂ ಜನ ಸೇರುವವರೆಗೂ ಹೊರಡುತ್ತಿರಲಿಲ್ಲ. ನನಗೆ ಗೊತ್ತಿದ್ದ ಸೈಕಲ್ ಸವಾರಿ ಅಂದ್ರೆ ಅದು. ಇಲ್ಲಿಗೆ ಬಂದ ಹೊಸತರಲ್ಲಿ ಬೇರೊಂದು ಗುಂಪಿನ ಜೊತೆ ಹೋಗಿದ್ದೆ. ಚೈನು ತುಂಡಾಯಿತು. ತಿರುಗಿ ನೋಡುವವರು ಯಾರೂ ಇರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ, ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಹೆದ್ದಾರಿ ಬದಿಯಲ್ಲಿ ಎರಡು ಗಂಟೆ ಸೈಕಲ್ ತಳ್ಳಿಕೊಂಡು ನಡೆದೆ. ಇವತ್ತು ಈ ಜಾಕೆಟ್ ಹಾಕಿಕೊಳ್ಳುವಾಗ ಆ ಮಧ್ಯಾಹ್ನ ನೆನಪಾಯಿತು.

ಲಾ ವೇಗಾ ಊರು ದಾಟಿದೆವು. ಈ ಭಾಗದಲ್ಲಿ ಹಿಂದೆ ರೈಲು ಓಡುತ್ತಿತ್ತು. ಈಗ ಹಳಿ ಇಲ್ಲ, ಆ ದಾರಿಯನ್ನೇ ಸೈಕಲ್ ದಾರಿ ಮಾಡಿದ್ದಾರೆ. ವೀಯಾ ವೆರ್ದೆ, ಹಸಿರು ದಾರಿ ಅಂತ ಹೆಸರು. ರೈಲಿಗೆ ಕಡಿದಾದ ಏರು ಆಗುವುದಿಲ್ಲ, ಹಾಗಾಗಿ ಇಡೀ ದಾರಿ ಸಪಾಟಾಗಿದೆ. ಹಿಂದಿನವರಿಗೆ ಇದು ದೊಡ್ಡ ಉಪಕಾರ. ದೂರದಲ್ಲಿ ನೀರು ಕಾಣುತ್ತಿದೆ, ಅದು ಲಾ ವೇಗಾ ಅಣೆಕಟ್ಟಿನ ಹಿನ್ನೀರು. ಅದರಾಚೆ ನೀಲಿಯಾಗಿ ಕಾಣುವ ಬೆಟ್ಟ ಟಕೀಲಾ ಜ್ವಾಲಾಮುಖಿ. ಅದು ತಣ್ಣಗಾಗಿ ಎಷ್ಟೋ ಕಾಲ ಆಯಿತು.

ಇಳಿಜಾರಿನಲ್ಲಿ ಸಾಲು ಸಾಲಾಗಿ ನಿಂತಿರುವುದು ನೀಲಿ ಅಗಾವೆ. ನಮ್ಮ ಹೊಲದ ಬೇಲಿಯ ಕತ್ತಾಳೆಗೆ ಹತ್ತಿರದ ನೆಂಟ. ನಮ್ಮ ಕತ್ತಾಳೆಯ ಮೂಲವೂ ಈ ಕಡೆಯೇ. ಗಿಡ ಬಲಿಯಲು ಆರೇಳು ವರ್ಷ ಬೇಕು. ಕೋವಾ ಎಂಬ ಹರಿತವಾದ ಗುದ್ದಲಿಯಲ್ಲಿ ಎಲೆ ಸವರಿ, ಟಕೀಲಾ ಎಂಬ ಮದ್ಯಕ್ಕೆ ಬೇಕಾದ ಗೆಡ್ಡೆ ತೆಗೆಯುತ್ತಾರೆ. ಒಂದೇ ಕೊಯ್ಲು, ಅಲ್ಲಿಗೆ ಗಿಡದ ಕಥೆ ಮುಗಿಯಿತು. ಅಗಾವೆ ತೋಟಗಳು, ಹಳೆಯ ಟಕೀಲಾ ಕಾರ್ಖಾನೆಗಳು, ನಾವೀಗ ಹೋಗುತ್ತಿರುವ ತೆಯುಚಿತ್ಲಾನ್, ಇವೆಲ್ಲ ಸೇರಿ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಟುಸ್ ಅನ್ನುವ ಶಬ್ದ ಕೇಳಿಸಿತಾ? ಪಂಕ್ಚರ್.

ಇವರು ಇವತ್ತೇ ಮೊದಲ ಸಲ ಬಂದವರು. ಐವತ್ತರ ಆಸುಪಾಸಿನ ಹೆಂಗಸು. ವಾರವೆಲ್ಲ ಟೋರ್ಟಿಯಾ, ಅಂದರೆ ಇಲ್ಲಿನ ರೊಟ್ಟಿ, ಮಾರುವ ಅಂಗಡಿಯಲ್ಲಿ ನಿಂತೇ ಕೆಲಸ. ಮಗನ ಸೈಕಲ್ ತಂದಿದ್ದಾರೆ. ಅರ್ಧ ಗಂಟೆಯಿಂದ ಅವರ ಬೆನ್ನು ನೋಡುತ್ತಿದ್ದೆ. ಪ್ರೊಫೆ ಹೇಳಿದ್ದು ನಿಜ, ಭುಜ ಕಿವಿಯವರೆಗೂ ಏರಿತ್ತು. ಟೈರು ಬಿಚ್ಚಿ ಬೆರಳಾಡಿಸಿದಾಗ ಸಿಕ್ಕಿದ್ದು ಮುಳ್ಳಲ್ಲ, ಇದು. ಕರಿ ಗಾಜಿನ ಚೂರು. ಆಬ್ಸಿಡಿಯನ್. ಜ್ವಾಲಾಮುಖಿಯ ಲಾವಾ ಬೇಗ ತಣ್ಣಗಾಗಿ ಆದ ಗಾಜು. ಈ ಸೀಮೆಯ ಮಣ್ಣಿನಲ್ಲಿ ಹೇರಳವಾಗಿದೆ. ಎರಡು ಸಾವಿರ ವರ್ಷದ ಹಿಂದೆ ಇಲ್ಲಿನ ಜನ ಇದರಲ್ಲೇ ಚಾಕು, ಈಟಿಯ ಮೊನೆ ಮಾಡುತ್ತಿದ್ದರು. ಇವತ್ತಿಗೂ ಅಂಚು ಅಷ್ಟೇ ಚೂಪು.

"ನನ್ನಿಂದ ನಿಮಗೆಲ್ಲ ತಡ ಆಯ್ತು. ನೀವು ಹೋಗಿಬಿಡಿ," ಅಂತ ಅವರು ಮತ್ತೆ ಮತ್ತೆ ಹೇಳುತ್ತಿದ್ದಾರೆ. ನಾನು ಹೇಳಿದೆ: "ನಾನು ನಿಮಗಿಂತ ಮುಂದೆ ಹೋಗೋ ಹಾಗೇ ಇಲ್ಲ ಸೆನ್ಯೋರಾ. ನಾನು ಬರ್ರೆದೋರಾ." ವಾಕಿಟಾಕಿಯಲ್ಲಿ ಮುಂದೆ ತಿಳಿಸಿದೆ. ಇಪ್ಪತ್ತೊಂದು ಸೈಕಲ್ ನಿಂತವು. ಹಳೆ ಟ್ಯೂಬ್ ತೆಗೆದು ಹೊಸದು ಹಾಕುವಷ್ಟರಲ್ಲಿ ಯಾರೋ ಕಿತ್ತಳೆ ಕೊಟ್ಟು ಕಳಿಸಿದರು. ಅವರ ಭುಜ ಇಳಿಯಿತು. ನನ್ನದೂ.

ಇದು ಗ್ವಾಚಿಮೊಂತೋನೆಸ್, ತೆಯುಚಿತ್ಲಾನ್ ಊರಿನ ಮೇಲಿರುವ ಪುರಾತನ ಪಿರಮಿಡ್‌ಗಳ ಜಾಗ. ಪಿರಮಿಡ್ ಅಂದರೆ ಚೌಕ ಅಂದುಕೊಂಡಿದ್ದೆ, ಇಲ್ಲಿ ಗುಂಡಗಿವೆ. ನೀರಿಗೆ ಕಲ್ಲು ಹಾಕಿದಾಗ ಏಳುವ ಬಳೆಗಳ ಹಾಗೆ ಮೆಟ್ಟಿಲ ಮೇಲೆ ಮೆಟ್ಟಿಲು, ಈಗ ಪೂರ್ತಿ ಹುಲ್ಲು. ಪುರಾತತ್ವಜ್ಞ ಫಿಲ್ ವೀಗಾಂಡ್ ಮತ್ತು ಅವರ ಪತ್ನಿ ಅಸೇಲಿಯಾ ಗಾರ್ಸಿಯಾ 1970ರ ದಶಕದಿಂದ ಈ ಗುಡ್ಡಗಳನ್ನು ಸುತ್ತಿ, ಇವು ಬರೀ ದಿಬ್ಬಗಳಲ್ಲ ಎಂದು ಹೇಳುತ್ತಾ ಬಂದರು. ಉತ್ಖನನ ಶುರುವಾಗಿದ್ದು 1999ರಲ್ಲಿ.

ನನಗೆ ಇದಕ್ಕಿಂತ ಇಷ್ಟ ಕೆಳಗಿನ ಊರಿನ ನೀರು. ಇಲ್ಲಿ ಟಕೀಲಾ ಮೀನು ಅಂತ ಒಂದು ಪುಟ್ಟ ಮೀನಿದೆ, ಏಳು ಸೆಂಟಿಮೀಟರ್ ಮೀರುವುದಿಲ್ಲ. ಈ ತೆಯುಚಿತ್ಲಾನ್ ಹೊಳೆಯಲ್ಲೇ ಅದರ ವಾಸ. 2003ರ ಹೊತ್ತಿಗೆ ಹೊಳೆಯಿಂದ ಪೂರ್ತಿ ಮಾಯವಾಗಿತ್ತು. ಅದಕ್ಕೆ ಮೊದಲೇ, 1998ರಲ್ಲಿ, ಇಂಗ್ಲೆಂಡಿನ ಚೆಸ್ಟರ್ ಝೂ ಐದು ಜೋಡಿ ಮೀನನ್ನು ಮೆಕ್ಸಿಕೋದ ಮೊರೇಲಿಯಾ ನಗರದ ವಿಶ್ವವಿದ್ಯಾಲಯಕ್ಕೆ ಕಳಿಸಿತ್ತು. ಅಲ್ಲಿ ವರ್ಷಗಟ್ಟಲೆ ಸಾಕಿ, ಮರಿ ಮಾಡಿಸಿ, ಸುಮಾರು 1,500 ಮೀನು ತಂದು ಇದೇ ನೀರಿಗೆ ಬಿಟ್ಟರು. ಈಗ ಇಲ್ಲೇ ಮರಿ ಮಾಡುತ್ತಿವೆ. ಊರಿನ ಮಕ್ಕಳು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ.

ಚೌಕದಲ್ಲಿ ತೆಹ್ವೀನೊ ಕುಡಿದೆವು. ಮೆಕ್ಕೆಜೋಳದ ಹಿಟ್ಟಿಗೆ ಇಲ್ಲಿನ ಬೆಲ್ಲ ಹಾಕಿ ಕುದಿಸಿ, ಹುಳಿ ಬರಿಸಿ, ನಿಂಬೆರಸ, ಉಪ್ಪು ಹಾಕಿ, ಮೇಲೆ ನಿಂಬೆ ಐಸು. ಬಿಸಿಲಿಗೆ ಅಂಬಲಿ ಕುಡಿದಷ್ಟೇ ಹಿತ. ಪಕ್ಕದಲ್ಲಿ ಹಾದುಹೋದ ಅಜ್ಜ "ಪ್ರೊವೇಚೊ" ಅಂದರು. ತಿನ್ನುತ್ತಿರುವವರಿಗೆ ಗುರುತಿಲ್ಲದವರೂ ಹಾಗೆ ಹೇಳಿ ಹೋಗುತ್ತಾರೆ, ಚೆನ್ನಾಗಿ ಮೈಗೆ ಹತ್ತಲಿ ಅನ್ನುವ ಅರ್ಥದಲ್ಲಿ.

ವಾಪಸ್ ದಾರಿ ಬಿಸಿಲು, ಧೂಳು. ಜಾಸ್ತಿ ಹೇಳುವುದೇನಿಲ್ಲ. ಟೋರ್ಟಿಯಾ ಅಂಗಡಿಯ ಸೆನ್ಯೋರಾ ಕೊನೆಯ ಏರಿನಲ್ಲಿ ಇಳಿದು ತಳ್ಳಿದರು. ನಾನೂ ಇಳಿದು ತಳ್ಳಿದೆ. ಮೇಲೆ ತಿರುವಿನಲ್ಲಿ ಒಬ್ಬ ಹುಡುಗ ನಮಗಾಗಿ ನಿಂತಿದ್ದ.

ಎರಡೂವರೆಗೆ ತಾಲಾ. ಚರ್ಚಿನ ಮುಂದೆ ಪ್ರೊಫೆ ಕಾಯುತ್ತಿದ್ದರು. ಒಂದೊಂದೇ ಸೈಕಲ್ ಎಣಿಸಿದೆ. ಇಪ್ಪತ್ಮೂರು. ವಾಕಿಟಾಕಿಯಲ್ಲಿ "ಕೊಂಪ್ಲೇತೋಸ್" ಅಂದೆ, ಎಲ್ಲರೂ ಬಂದೆವು ಅಂತ. ಎದುರಿಗೇ ನಿಂತಿದ್ದ ಪ್ರೊಫೆ ತಮ್ಮ ವಾಕಿಟಾಕಿಯಲ್ಲೇ ಉತ್ತರ ಕೊಟ್ಟರು: "ಗ್ರಾಸಿಯಾಸ್, ಮಿಹಾ."

ಮುಂದಿನ ಭಾನುವಾರ ಎತ್ಸತ್ಲಾನ್. ಅಲ್ಲಿನ ಹೆಂಗಸರು ಬೀದಿಗಳ ಮೇಲೆ ಬಣ್ಣಬಣ್ಣದ ಕ್ರೋಶೆ ಚಪ್ಪರ ಹೆಣೆದು ಕಟ್ಟಿದ್ದಾರೆ, 2019ರಲ್ಲಿ ಅದು ಗಿನ್ನೆಸ್ ದಾಖಲೆ ಮಾಡಿತು. ಸೆನ್ಯೋರಾ ಬರುತ್ತಾರಂತೆ. ಮಗನಿಗೆ ಬೇರೆ ಸೈಕಲ್ ನೋಡ್ಕೋ ಅಂತ ಆಗಲೇ ಫೋನಿನಲ್ಲಿ ಹೇಳುತ್ತಿದ್ದರು.